ಎಂಟು ಕೋನಗಳೂ ಒಂದು ಹಂದಿಯೂ

ಎಲ್ಲಾ ರಗಳೆಗೂ ಮೂಲ ಒಂದು ಸುಟ್ಟ ಹಂದಿ. ಪಾಪ, ಆ ಹಂದಿ ಶನಿವಾರವೇ ಊರವರ ಹೊಟ್ಟೆ ಸೇರಿತ್ತು. ಸೋಮವಾರ ನಡೆದದ್ದಕ್ಕೆ ಅದನ್ನು ದೂರುವುದು ನ್ಯಾಯವಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ.

ಸವಾಯಿ ದ್ವೀಪದ ಸಾಲೆಮಾಲೊ ಊರಿನಲ್ಲಿ ಶನಿವಾರ ದೊಡ್ಡ ಊಟವಿತ್ತು. ಕಲ್ಲಿನ ಒಲೆಯಿಂದ ಇಡೀ ಹಂದಿಯನ್ನು ಎತ್ತಿ ತರಲು ಅಷ್ಟಗಲದ ಹಲಗೆ ಯಾರ ಮನೆಯಲ್ಲೂ ಇರಲಿಲ್ಲ. ಶಾಲೆಯಲ್ಲಿತ್ತು. ನಾಲ್ಕು ಜನ ಹೋಗಿ ಕರಿಹಲಗೆಯನ್ನು ಗೋಡೆಯಿಂದ ಕಿತ್ತು ತಂದು, ಅದರ ಮೇಲೆ ಹಂದಿಯನ್ನು ಮಲಗಿಸಿ, ಮೆರವಣಿಗೆ ಮಾಡಿ, ಉಂಡು ಮುಗಿದ ಮೇಲೆ ಬಾಳೆ ಎಲೆಯಲ್ಲಿ ಚೆನ್ನಾಗಿ ಒರೆಸಿ ವಾಪಸು ತೂಗುಹಾಕಿದರು. ಒರೆಸಿದ ರಭಸಕ್ಕೆ ಕೊಬ್ಬು ಹಲಗೆಯ ಉದ್ದಗಲಕ್ಕೂ ಹರಡಿ, ಹಲಗೆ ಕನ್ನಡಿಯ ಹಾಗೆ ಹೊಳೆಯಿತು.

ಸೋಮವಾರ ಬೆಳಿಗ್ಗೆ ಲೆಕ್ಕದ ಮೇಷ್ಟ್ರು ಎತುವಾಟಿ ಆ ಹಲಗೆಯ ಮೇಲೆ ಒಂದು ಗೆರೆ ಎಳೆದ. ಸೀಮೆಸುಣ್ಣ ಎಣ್ಣೆ ಕಂಬ ಹತ್ತಲು ಹೋದವನ ಹಾಗೆ ಸರ್ರನೆ ಕೆಳಗೆ ಜಾರಿತು. ಇನ್ನೊಂದು ಎಳೆದ. ಹಂದಿಯ ಘಮ ಬಂತು, ಗೆರೆ ಬರಲಿಲ್ಲ.

"ಸಾರ್, ಹಸಿವಾಗ್ತಿದೆ" ಎಂದಳು ಮುಂದಿನ ಬೆಂಚಿನ ತೀನೆ.

"ಇನ್ನೂ ಎಂಟು ಗಂಟೆ ಕಣೇ!"

"ಹಲಗೆ ನೋಡಿದ್ರೆ ಹಸಿವಾಗತ್ತೆ ಸಾರ್. ನಾನೇನ್ ಮಾಡ್ಲಿ?"

ಬೇರೆ ದಿನವಾಗಿದ್ದರೆ ಎತುವಾಟಿ ಮಕ್ಕಳನ್ನು ಆಟಕ್ಕೆ ಬಿಟ್ಟು ತಾನೂ ಹೋಗಿ ಮರದ ಕೆಳಗೆ ಒರಗುತ್ತಿದ್ದ. ಆದರೆ ಈ ದಿನ ಇನ್ಸ್‌ಪೆಕ್ಟರು ಸೊಲೊಮೋನಾ ಬರುವವರಿದ್ದರು. 'ಎಂಟನೇ ತರಗತಿಗೆ ಸಮಾಂತರ ರೇಖೆಗಳು ಮತ್ತು ಛೇದಕದ ಪಾಠ ಮಾಡತಕ್ಕದ್ದು, ನಾವು ನೋಡತಕ್ಕದ್ದು' ಎಂದು ಕಾಗದವೂ ಬಂದಿತ್ತು. ಎತುವಾಟಿಯದು ಆರು ವರ್ಷದಿಂದ ಹಂಗಾಮಿ ಕೆಲಸ. ಪಾಠ ಮೆಚ್ಚಿದರೆ ಕಾಯಂ. ಮೆಚ್ಚದಿದ್ದರೆ ದ್ವೀಪದ ಆ ತುದಿಯ ಚಿಕ್ಕಪ್ಪನ ಕೊಬ್ಬರಿ ಒಣಗಿಸುವ ಗೂಡು. ಅಲ್ಲಿ ಹಿಂದೊಮ್ಮೆ ಒಂದು ವರ್ಷ ಬೆಂಕಿ ಕಾದಿದ್ದ. ಆ ಹೊಗೆ ಕುಡಿದವನಿಗೆ ಸ್ವರ್ಗಕ್ಕೆ ಹೋದರೂ ಕೆಮ್ಮು ಬಿಡುವುದಿಲ್ಲ.

ಎತುವಾಟಿ ತಲೆ ಕೆರೆದುಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತ. ಎದುರಿಗೆ ಊರಿನ ರಸ್ತೆ. ರಸ್ತೆಯ ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲುಗಳ ಸಾಲು. ಎರಡು ಬಿಳಿ ಸಾಲು, ಎಲ್ಲೂ ಕೂಡದೆ, ಎಲ್ಲೂ ಅಗಲದೆ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೇ ಹೋಗುತ್ತಿದ್ದವು.

"ಅಯ್ಯೋ ಮಂಕೇ!" ಎಂದು ತನ್ನ ಹಣೆಗೆ ತಾನೇ ಹೊಡೆದುಕೊಂಡ. "ಮಕ್ಕಳಾ, ಎಲ್ಲಾ ಹೊರಗೆ ಬನ್ನಿ! ಸಮಾಂತರ ರೇಖೆ ಅಲ್ಲೇ ಬಿದ್ದಿದಾವೆ. ಇನ್ನು ಅಡ್ಡಕ್ಕೆ ಓರೆಯಾಗಿ ಒಂದು ಗೆರೆ ಸಾಕು. ಕಲ್ಲು ತನ್ನಿ."

"ಎಲ್ಲಿಂದ ಸಾರ್?"

"ಎಲ್ಲಿ ಕಾಣತ್ತೋ ಅಲ್ಲಿಂದ."

ಈ ಮಾತು ಆಡಬಾರದಿತ್ತು. ಕಲ್ಲು ಕಂಡದ್ದು ಲಗಿಯಮ್ಮನ ಅಂಗಳದಲ್ಲಿ. ಲಗಿಯಮ್ಮ ಹೆಂಗಸರ ಸಮಿತಿಗೆ ಅಧ್ಯಕ್ಷೆ. ಮನೆಮನೆ ಹೊಕ್ಕು, ಚಾಪೆ ಎತ್ತಿ, ಅಂಗಳ ನೋಡಿ, ಕಲ್ಲಿಗೆ ಸುಣ್ಣ ಹಚ್ಚಿದ್ದಾರೋ ಇಲ್ಲವೋ ಎಂದು ಬೆರಳಲ್ಲಿ ಉಜ್ಜಿ ನೋಡುವ ಕೆಲಸ. ಆ ತಪಾಸಣೆಯೂ ಅಂದೇ ಇತ್ತು. ಲಗಿಯಮ್ಮ ಮೊದಲು ತನ್ನ ಅಂಗಳವನ್ನೇ ಸಿಂಗರಿಸಿ, ಇನ್ನೂರು ಕಲ್ಲಿಗೆ ಹೊಸ ಸುಣ್ಣ ಬಳಿದು, ಒಳಗೆ ತಲೆ ಬಾಚಿಕೊಳ್ಳುತ್ತಿದ್ದರು.

ತಲೆ ಬಾಚಿ ಹೊರಗೆ ಬರುವಷ್ಟರಲ್ಲಿ ಅಂಗಳ ಹಲ್ಲು ಕಿತ್ತ ಬಾಯಿಯ ಹಾಗೆ ಬೋಳಾಗಿತ್ತು.

ಅತ್ತ ರಸ್ತೆಯಲ್ಲಿ ಗೆರೆ ಬಲು ಚೆನ್ನಾಗಿ ಬಂದಿತ್ತು. ಸಮುದ್ರದ ಕಡೆಯ ಅಂಚಿನಿಂದ ಗುಡ್ಡದ ಕಡೆಯ ಅಂಚಿಗೆ ಓರೆಯಾಗಿ, ಬೆಳ್ಳಗೆ, ಹಗ್ಗ ಹಿಡಿದು ಇಟ್ಟ ಹಾಗೆ. ಆದರೆ ಗೆರೆ ರಸ್ತೆಯ ಅಂಚಿಗೆ ನಿಂತಿರಲಿಲ್ಲ. ಒಂದು ಕಡೆ ಮರಳಿನ ಮೇಲೆ ಹಾಯ್ದು ಸಮುದ್ರಕ್ಕೆ ಇಳಿದಿತ್ತು. ಇನ್ನೊಂದು ಕಡೆ ಗುಡ್ಡದ ಕಪ್ಪು ಲಾವಾ ಗೋಡೆಗೆ ಹೋಗಿ ಮುಟ್ಟಿತ್ತು.

"ಇದ್ಯಾಕ್ರೋ ಅಲ್ಲೀ ತನಕ?"

"ರೇಖೆಗೆ ಕೊನೇನೇ ಇಲ್ಲ ಅಂತ ಹೋದ ವಾರ ನೀವೇ ಅಲ್ವಾ ಸಾರ್ ಹೇಳಿದ್ದು?" ಎಂದಳು ತೀನೆ. "ಕಲ್ಲು ಮುಗೀತು, ಇಲ್ಲಾಂದ್ರೆ ಇನ್ನೂ ಹೋಗ್ತಿದ್ವಿ."

ಎತುವಾಟಿಗೆ ಹಿಗ್ಗು ತಡೆಯಲಾಗಲಿಲ್ಲ. ಓರೆ ಗೆರೆ ಎರಡು ಅಂಚನ್ನೂ ಕತ್ತರಿಸಿದ ಕಡೆ ನಾಲ್ಕು ನಾಲ್ಕು ಮೂಲೆ, ಒಟ್ಟು ಎಂಟು ಕೋನ. ನಾಲ್ಕು ಇಕ್ಕಟ್ಟಿನವು, ನಾಲ್ಕು ವಿಶಾಲದವು. ಇಕ್ಕಟ್ಟಿನ ಕೋನಕ್ಕೆಲ್ಲ ಒಂದೊಂದು ತೆಂಗಿನಕಾಯಿ ಇಡಿಸಿದ, ವಿಶಾಲದ ಕೋನಕ್ಕೆಲ್ಲ ಒಂದೊಂದು ಜೀಗುಜ್ಜೆ, ಅಂದರೆ ದೀವಿ ಹಲಸು. "ಕಾಯಿ ಯಾವುದೋ ಅಳತೆ ಅದು. ಒಂದು ತೆಂಗಿನಕಾಯಿ ಅಳೆದ್ರೆ ನಾಲ್ಕೂ ಅಳೆದ ಹಾಗೆ. ಇನ್ಸ್‌ಪೆಕ್ಟರು ಬರ್ಲಿ, ನೋಡ್ಕೊಳ್ತೀನಿ!"

ಮೊದಲು ಬಂದದ್ದು ಬಸ್ಸು. ಹಾಡು ಕಿರುಚಿಕೊಂಡು, ಜನ ಒಬ್ಬರ ತೊಡೆಯ ಮೇಲೊಬ್ಬರು ಕೂತುಕೊಂಡು, ಮಾಡಿನ ಮೇಲೆ ಕೆಸುವಿನ ಗಡ್ಡೆಯ ಮೂಟೆ ಹೊತ್ತುಕೊಂಡು ಬಂದ ಬಸ್ಸು, ಬಿಳಿ ಗೆರೆ ಕಂಡದ್ದೇ ಗಕ್ಕನೆ ನಿಂತಿತು. ಹಾಡು ನಿಂತಿತು. ಕೋಳಿಗಳೂ ಸುಮ್ಮನಾದವು. ಚಾಲಕ ತಾವಿತಾ ಕೆಳಗಿಳಿದು ಟೋಪಿ ತೆಗೆದ. ಬಸ್ಸು ಓಡಿಸಿದರೂ ಅವನು ಪಕ್ಕದ ಊರಿನಲ್ಲಿ ಪಟ್ಟ ಕಟ್ಟಿಸಿಕೊಂಡ ಸಣ್ಣ ಯಜಮಾನ.

"ಯಾವಾಗ ಹಾಕಿದ್ರಪ್ಪ ಸಾ?" ಎಂದ ಮೆಲ್ಲಗೆ.

ಊರಿನ ಯಜಮಾನರ ಕೂಟ ಯಾವುದಕ್ಕಾದರೂ ತಡೆ ಹಾಕಿದರೆ ಅದಕ್ಕೆ ಸಾ ಎನ್ನುತ್ತಾರೆ. ತೋಟಕ್ಕೆ ಹಾಕಿದರೆ ಕಾಯಿ ಕೀಳುವಂತಿಲ್ಲ, ಕೊಲ್ಲಿಗೆ ಹಾಕಿದರೆ ಮೀನು ಹಿಡಿಯುವಂತಿಲ್ಲ, ಸಂಜೆಯ ಪ್ರಾರ್ಥನೆಯ ಹೊತ್ತಿಗೆ ರಸ್ತೆಗೆ ಹಾಕಿದರೆ ನಾಯಿ ಕೂಡ ಎತ್ತಿದ ಕಾಲು ಇಳಿಸದೆ ನಿಲ್ಲುತ್ತದೆ. ಮುರಿದವನ ಮನೆಯವರೆಲ್ಲ ಸೇರಿ ಹಂದಿ ದಂಡ ತೆರಬೇಕು. ರಸ್ತೆಗೆ ಅಡ್ಡಲಾಗಿ ಬಿಳಿ ಕಲ್ಲು, ಮೂಲೆಮೂಲೆಗೆ ಕಾಯಿ. ನೋಡಿದವರು ಇನ್ನೇನು ತಿಳಿದಾರು?

"ಸಾ ಅಲ್ಲ ತಾವಿತಾ ಅಣ್ಣ, ಇದು ಪಾಠ! ಬಸ್ಸು ಹೊಡ್ಕೊಂಡು ಬಾ."

"ನೀನ್ಯಾರಯ್ಯ ಹೇಳೋಕೆ? ಪಟ್ಟ ಇದೆಯಾ ನಿಂಗೆ?"

"ಇಲ್ಲ."

"ಮತ್ತೆ? ಪಟ್ಟ ಇಲ್ಲದವನ ಮಾತು ಕೇಳಿ ದಾಟಿಬಿಟ್ರೆ ಹಂದಿ ನೀನು ಕೊಡ್ತೀಯಾ? ಯಜಮಾನರನ್ನ ಕರಿ. ಅವರು ಹೇಳಿದ್ರೆ ದಾಟ್ತೀನಿ."

"ಗೆರೆ ಹಾಕಿದ್ದೇ ನಾನು! ಬೇಕಾದ್ರೆ ಈಗ್ಲೇ ತೆಗೀತೀನಿ" ಎಂದು ಎತುವಾಟಿ ಬಗ್ಗಿ ಒಂದು ಕಲ್ಲಿಗೆ ಕೈ ಹಾಕಿದ್ದೇ ತಡ, ಬಸ್ಸಿನಲ್ಲಿದ್ದ ಅರವತ್ತು ಜನ ಒಟ್ಟಿಗೆ "ಹೋ!" ಎಂದರು. ಒಬ್ಬ ಅಜ್ಜಿ ಕಿಟಕಿಯಿಂದ ಚಪ್ಪಲಿ ಎಸೆದಳು. "ಸಾ ಕಲ್ಲು ಮುಟ್ತಾನೆ! ಮೇಷ್ಟ್ರಂತೆ ಮೇಷ್ಟ್ರು!"

ಎತುವಾಟಿ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಗೆದ. ತಾನೇ ಇಟ್ಟ ಕಲ್ಲು, ತಾನೇ ತೆಗೆಯುವಂತಿಲ್ಲ.

ಅಷ್ಟರಲ್ಲಿ ಲಗಿಯಮ್ಮ ಬಿರುಗಾಳಿಯ ಹಾಗೆ ಬಂದರು. "ಎಲ್ಲೋ ನನ್ನ ಕಲ್ಲು? ಊರವರ ಅಂಗಳ ನೋಡ್ಬೇಕಾದವಳು ನಾನು, ನನ್ನ ಅಂಗಳ ನೋಡಿ ಊರು ನಗ್ಲಿ ಅಂತ ಮಾಡಿದ್ಯಾ?" ಎನ್ನುತ್ತಾ ಗೆರೆಯ ಮೇಲೆ ಬಗ್ಗಿದರು.

"ಮುಟ್ಬೇಡಿ ಅಮ್ಮ, ಸಾ!" ಎಂದು ಬಸ್ಸು ಕೂಗಿತು.

ಲಗಿಯಮ್ಮ ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮೆಲ್ಲಗೆ ನೆಟ್ಟಗಾಗಿ ಬಟ್ಟೆ ಸರಿಮಾಡಿಕೊಂಡರು. "ಊರಿನ ಸಾ ಹಾಕೋಕೆ ನನ್ನ ಮನೆ ಕಲ್ಲೇ ಬೇಕಾಯ್ತಾ? ಬೇರೆಯವರ ಕಲ್ಲಿಗೆ ಸುಣ್ಣ ಎಲ್ಲಿ ನೆಟ್ಟಗಿರತ್ತೆ ಹೇಳಿ!" ಎಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿ, ಅಲ್ಲೇ ಪಕ್ಕದಲ್ಲಿ ಚಾಪೆ ಹಾಸಿ ಕೂತರು.

ಎತುವಾಟಿ ಓಡಿದ್ದು ವಾಯಿಪುಲು ಅವರ ಮನೆಗೆ. ವಾಯಿಪುಲು ಊರಿನ ಮಾತಿನ ಯಜಮಾನ. ಊರು ಏನು ಹೇಳಬೇಕಾದರೂ ಅವರ ಬಾಯಲ್ಲೇ ಹೇಳಬೇಕು. ಉದ್ದನೆಯ ಕೋಲು ಹಿಡಿದು, ಹೆಗಲಿಗೆ ನೊಣ ಓಡಿಸುವ ಚೌರಿ ಹಾಕಿಕೊಂಡು ಬಂದು ಗೆರೆಯ ಮುಂದೆ ನಿಂತರು. ಅವರಿಗೆ ಇದರ ತಲೆಬುಡ ಗೊತ್ತಿರಲಿಲ್ಲ. ಆದರೆ ಮಾತಿನ ಯಜಮಾನನಾದವನು 'ನನಗೆ ಗೊತ್ತಿಲ್ಲ' ಎಂದರೆ ಮೀನು 'ನನಗೆ ಈಜು ಬರುವುದಿಲ್ಲ' ಎಂದ ಹಾಗೆ.

"ಹೂಂ" ಎಂದರು ವಾಯಿಪುಲು. "ಹಾಕಿದ್ದು ಸರಿಯಾಗೇ ಇದೆ."

"ಯಜಮಾನ್ರೇ, ಇದು ಸಾ ಅಲ್ಲ, ನಾನು ಪಾಠಕ್ಕೆ..."

"ಸುಮ್ನಿರೋ. ದೊಡ್ಡವರು ಹಾಕಿದಾರೆ ಅಂದ್ರೆ ಕಾರಣ ಇರತ್ತೆ."

ದೊಡ್ಡವರೆಂದರೆ ಊರಿನ ದೊಡ್ಡ ಯಜಮಾನ ಲೇವಾಸಾ. ಎತುವಾಟಿ ಅವರ ಮನೆಗೂ ಓಡಿದ. ಲೇವಾಸಾ ಬಂದು ನೋಡಿದರು. ತನ್ನ ಹೆಸರಿನಲ್ಲಿ ವಾಯಿಪುಲುವೇ ಹಾಕಿಸಿರಬೇಕು, ತಾನು ಮರೆತಿರಬೇಕು ಎಂದುಕೊಂಡರು. ವಯಸ್ಸಾಯಿತೆಂದು ಜನ ಆಡಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

"ಹೂಂ" ಎಂದರು ಲೇವಾಸಾ. "ನಾವು ಅಂದ್ಕೊಂಡ ಹಾಗೇ ಬಂದಿದೆ."

ವಾಯಿಪುಲು ತಲೆಯಾಡಿಸಿದರು. ಲೇವಾಸಾ ತಲೆಯಾಡಿಸಿದರು. ಅಲ್ಲಿಗೆ ಅದು ನಿಜವಾದ ಸಾ ಆಯಿತು.

ಬಸ್ಸಿನ ಹಿಂದೆ ಒಂದು ಸರ್ಕಾರಿ ಜೀಪು ಬಂದು ನಿಂತಿತು. ಅದರಿಂದ ಇಳಿದವರು ಬಿಳಿ ಅಂಗಿ, ಕಪ್ಪು ಪಂಚೆ, ಕಂಕುಳಲ್ಲಿ ಕಡತ. ಇನ್ಸ್‌ಪೆಕ್ಟರು ಸೊಲೊಮೋನಾ! ಶಾಲೆ ಐವತ್ತು ಹೆಜ್ಜೆ ದೂರದಲ್ಲಿ ಕಾಣುತ್ತಿತ್ತು. ನಡುವೆ ಗೆರೆ.

"ಬನ್ನಿ ಸಾರ್, ಬನ್ನಿ!" ಎಂದು ಎತುವಾಟಿ ಈ ಕಡೆಯಿಂದ ಎರಡೂ ಕೈ ಬೀಸಿದ.

ಸೊಲೊಮೋನಾ ಅವರೂ ತಮ್ಮ ಊರಿನಲ್ಲಿ ದೊಡ್ಡ ಪಟ್ಟದ ಯಜಮಾನರು. ಬೇರೆ ಊರಿನ ಸಾ ತುಳಿಯುವುದೆಂದರೆ ಎರಡು ಊರಿನ ಯುದ್ಧವೇ. ಅವರು ಬಿಳಿ ಕಲ್ಲು ನೋಡಿದರು, ಯಜಮಾನರನ್ನು ನೋಡಿದರು, ಕಡತವನ್ನು ಪಕ್ಕಕ್ಕಿಟ್ಟು ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಅತಿಥಿ ಕೂತ ಮೇಲೆ ಊರು ಸುಮ್ಮನಿರುವಂತಿಲ್ಲ. ಕಾವಾ ಬೇರು ಅರೆದು, ನೀರು ಬೆರೆಸಿ, ಕ್ರಮವಾಗಿ ಬಟ್ಟಲು ಕೊಡಬೇಕು. ಕೂಟದ ಮನೆ ಗೆರೆಯ ಈ ಕಡೆ, ಅತಿಥಿ ಆ ಕಡೆ. ಹಾಗಾಗಿ ಕಾವಾ ನಡುರಸ್ತೆಯಲ್ಲೇ ಎಂದು ತೀರ್ಮಾನವಾಯಿತು. ಬಟ್ಟಲು ಹಂಚುವ ಕೆಲಸ ಪಟ್ಟವಿಲ್ಲದ ಗಂಡಸಿನದು. ಕೈಗೆ ಸಿಕ್ಕವನು ಎತುವಾಟಿ.

"ನನಗೆ ಪಾಠ ಇದೆ ಯಜಮಾನ್ರೇ! ನನ್ನ ಕೆಲಸದ ಪ್ರಶ್ನೆ!"

"ಕಾವಾ ಮುಗಿಯೋ ತನಕ ಬಟ್ಟಲು ಹಂಚೋನು ಬಾಯಿ ಬಿಡಬಾರದು. ಗೊತ್ತಲ್ಲ?" ಎಂದು ವಾಯಿಪುಲು ಅವನ ಕೈಗೆ ತೆಂಗಿನ ಚಿಪ್ಪು ಕೊಟ್ಟರು.

ಆಮೇಲೆ ಎದ್ದದ್ದು ನಿಜವಾದ ತೊಡಕು. ಕೂಟದ ಮನೆಯಲ್ಲಾದರೆ ಯಾರು ಯಾವ ಕಂಬಕ್ಕೆ ಒರಗಬೇಕೆಂದು ತಾತನ ಕಾಲದಿಂದ ಗೊತ್ತು. ರಸ್ತೆಯಲ್ಲಿ ಕಂಬವೆಲ್ಲಿ? ಯಾರು ಎಲ್ಲಿ ಕೂರಬೇಕು? ಜನರೆಲ್ಲ ವಾಯಿಪುಲು ಅವರ ಮುಖ ನೋಡಿದರು. ವಾಯಿಪುಲು ಕಾಯಿಗಳ ಮುಖ ನೋಡಿದರು. ಚಿಪ್ಪು ಹಿಡಿದು ಪಕ್ಕದಲ್ಲಿ ನಿಂತಿದ್ದ ಎತುವಾಟಿಗೆ ತುಟಿಯಲ್ಲಾಡಿಸದೆ ಕೇಳಿದರು: "ಲೋ, ಈ ಕಾಯಿ ಏನೋ?"

ಎತುವಾಟಿ ಬಗ್ಗಿ ಪಿಸುಗುಟ್ಟಿದ. "ತೆಂಗಿನಕಾಯಿ ಇರೋ ಮೂಲೆ ಎಲ್ಲಾ ಒಂದೇ ಸಮ. ಜೀಗುಜ್ಜೆ ಇರೋವೆಲ್ಲಾ ಒಂದೇ ಸಮ."

"ನಂಗೊತ್ತು. ನಿಂಗೊತ್ತಾ ಅಂತ ನೋಡ್ದೆ."

ವಾಯಿಪುಲು ಚೌರಿ ಬೀಸಿ ದನಿ ಎತ್ತಿದರು. "ಕೇಳಿ ಜನರೇ! ತೆಂಗಿಗೆ ತೆಂಗು ಸಮ, ಜೀಗುಜ್ಜೆಗೆ ಜೀಗುಜ್ಜೆ ಸಮ. ನಮ್ಮ ದೊಡ್ಡ ಯಜಮಾನರು ಈ ಕಡೆ, ಸಮುದ್ರದ ಅಂಚಿನ ತೆಂಗಿನಲ್ಲಿ ಕೂರ್ತಾರೆ. ಅತಿಥಿಗಳು ಆ ಕಡೆ, ಗುಡ್ಡದ ಅಂಚಿನ ತೆಂಗಿನಲ್ಲಿ ಕೂರ್ಲಿ. ನಾನು ಈ ಕಡೆ ಜೀಗುಜ್ಜೆ, ತಾವಿತಾ ಆ ಕಡೆ ಜೀಗುಜ್ಜೆ."

ಎಲ್ಲರೂ ಕೂತರು. ಕೂತದ್ದೇ ಲೇವಾಸಾ ಗುಡುಗಿದರು. ಅವರದು ನೂರಿಪ್ಪತ್ತು ಕಿಲೋ ದೇಹ, ಕೂತದ್ದು ಐವತ್ತು ಡಿಗ್ರಿ ಮೂಲೆ. ಒಂದು ಮಂಡಿ ಕಲ್ಲಿಗೆ ತಾಗುತ್ತಿತ್ತು, ಇನ್ನೊಂದು ಮಂಡಿ ಇನ್ನೊಂದು ಕಲ್ಲಿಗೆ. "ಇದೇನಯ್ಯಾ ವಾಯಿಪುಲು? ನಿನಗೆ ಹೊಲದಷ್ಟು ಜಾಗ, ನನಗೆ ಕೋಳಿ ಗೂಡಾ?"

ಎತುವಾಟಿ ಮೊದಲ ಬಟ್ಟಲು ಒಯ್ಯುವ ನೆಪದಲ್ಲಿ ವಾಯಿಪುಲು ಪಕ್ಕದಲ್ಲೇ ಹಾಯ್ದ. "ಒಂದೇ ಕಡೆ ಒಳಗಿರೋ ಎರಡು ಕೋನ ಕೂಡಿದ್ರೆ ನೂರ ಎಂಬತ್ತು. ನೆಟ್ಟಗಿನ ಗೆರೆ ಆಗತ್ತೆ."

"ದೊಡ್ಡವರೇ!" ಎಂದು ವಾಯಿಪುಲು ತಕ್ಷಣ ಕೈ ಮುಗಿದರು. "ನಿಮ್ಮದು ಕಡಿಮೆ ಅಲ್ಲ, ನನ್ನದು ಹೆಚ್ಚಲ್ಲ. ನಿಮ್ಮ ಕೋನಕ್ಕೆ ನನ್ನ ಕೋನ ಕೂಡಿದ್ರೇನೇ ಊರು ನೆಟ್ಟಗೆ ನಿಲ್ಲೋದು. ನೀವು ಕಡಿಮೆ ಮಾತಾಡ್ತೀರಿ, ನಾನು ಜಾಸ್ತಿ ಮಾತಾಡ್ತೀನಿ. ಎರಡೂ ಸೇರಿದ್ರೆ ನೂರ ಎಂಬತ್ತು!"

"ಆಹಾ!" ಎಂದಿತು ಬಸ್ಸು. ಲೇವಾಸಾ ಮೀಸೆಯಡಿ ನಕ್ಕರು. ಸೊಲೊಮೋನಾ ಮೆಲ್ಲಗೆ ಕಡತ ಬಿಚ್ಚಿ ಪೆನ್ನು ತೆಗೆದರು.

"ಹಾಗಾದ್ರೆ ಅತಿಥಿಗಳು?" ಎಂದ ಆ ಕಡೆಯಿಂದ ತಾವಿತಾ. "ನಮ್ಮವರನ್ನೂ ಮೂಲೆಗೆ ತುರುಕಿದೀರಲ್ಲ!"

ಎತುವಾಟಿ ಅತಿಥಿಯ ಬಟ್ಟಲು ಹಿಡಿದು, ಗೆರೆ ತುಳಿಯದೆ, ಮೀನಿಗೆ ಹೊಂಚುವ ಕೊಕ್ಕರೆಯ ಹಾಗೆ ಒಂದೇ ಕಾಲಿನ ಮೇಲೆ ಬಾಗಿ ಕಲ್ಲಿನ ಆಚೆಗೆ ಚಾಚಿದ. ವಾಪಸು ಬರುವಾಗ ಮತ್ತೆ ಪಿಸುಗುಟ್ಟಿದ. "ಗೆರೆಯ ಈ ಕಡೆಗೊಂದು, ಆ ಕಡೆಗೊಂದು, ಒಳಗೆ, ಎದುರುಬದುರು. ಪರ್ಯಾಯ ಕೋನ. ಸಮ."

"ಗೆರೆ ನಡುವೆ ಇರಬಹುದು" ಎಂದರು ವಾಯಿಪುಲು. "ಮುಖ ಬೇರೆ ಬೇರೆ ದಿಕ್ಕಿಗಿರಬಹುದು. ಆದರೂ ನಮ್ಮ ದೊಡ್ಡವರಿಗೆ ಎಷ್ಟು ಮರ್ಯಾದೆಯೋ ಗೆರೆಯಾಚೆಯ ನಿಮ್ಮ ದೊಡ್ಡವರಿಗೂ ಅಷ್ಟೇ. ಇದಕ್ಕೆ ಪರ್ಯಾಯ ಕೋನ ಅಂತೀವಿ ನಾವು, ನಮ್ಮ ತಾತಂದಿರ ಕಾಲದಿಂದ."

ಸೊಲೊಮೋನಾ ಬರೆದರು. ಚೀಲದಿಂದ ಕೋನಮಾಪಕ ತೆಗೆದು, ತಾವು ಕೂತ ಮೂಲೆಗೆ ಹಿಡಿದು ನೋಡಿದರು. "ಐವತ್ತು!" ಅದನ್ನು ಗೆರೆಯ ಮೇಲಿಂದ ಎಸೆದರು. ಎತುವಾಟಿ ಲೇವಾಸಾ ಅವರ ಮೂಲೆಗೆ ಹಿಡಿದು, ಬಾಯಿ ಬಿಡುವಂತಿಲ್ಲವಲ್ಲ, ಐದು ಬೆರಳು ತೋರಿಸಿ ಆಮೇಲೆ ಮುಷ್ಟಿ ತೋರಿಸಿದ. ಜನ ಚಪ್ಪಾಳೆ ತಟ್ಟಿದರು.

"ಒಂದು ನಿಮಿಷ!" ಎಂದರು ಲಗಿಯಮ್ಮ. ಅವರು ಗುಡ್ಡದ ಕಡೆಯ ಅಂಚಿನ ಹೊರಗೆ ಚಾಪೆ ಹಾಸಿದ್ದರು. ಕಾಲ ಬುಡದಲ್ಲಿ ತೆಂಗಿನಕಾಯಿ. "ಇಲ್ಲೂ ತೆಂಗಿದೆ. ಹಾಗಾದ್ರೆ ನಾನೂ ದೊಡ್ಡ ಯಜಮಾನ್ರೂ ಒಂದೇ ಸಮ ಅಲ್ವೇನು?"

ಹೆಂಗಸರೆಲ್ಲ ಹೋ ಎಂದರು. ಲೇವಾಸಾ ಕಣ್ಣು ಕೆಂಪಾಯಿತು. ವಾಯಿಪುಲು ಕೆಮ್ಮಿದರು, ಎಂದರೆ ಎತುವಾಟಿ ಬೇಗ ಬರಬೇಕು.

"ಹೌದು" ಎಂದು ಎತುವಾಟಿ ಪಿಸುಗುಟ್ಟಿದ. "ಅದು ಅನುರೂಪ ಕೋನ. ಸಮಾನೇ. ಅವರದು ಗುಡ್ಡದ ಅಂಚು, ಇವರದು ಸಮುದ್ರದ ಅಂಚು, ಕೂತಿರೋ ರೀತಿ ಮಾತ್ರ ಒಂದೇ."

"ಬದಲಾಯಿಸೋಕಾಗಲ್ವಾ?"

"ಆಗಲ್ಲ ಯಜಮಾನ್ರೇ."

ವಾಯಿಪುಲು ಜನರ ಕಡೆ ತಿರುಗಿ ಹೇಳಿದರು. "ಲಗಿಯಮ್ಮನವರೂ ಸಮಾನವೇ. ಗಂಡಸರ ಸಾಲಿನಲ್ಲಿ ದೊಡ್ಡವರು ಎಲ್ಲಿದಾರೋ ಹೆಂಗಸರ ಸಾಲಿನಲ್ಲಿ ಅವರು ಅಲ್ಲಿದಾರೆ."

"ಬರ್ಕೊಳ್ಳಿ ಇನ್ಸ್‌ಪೆಕ್ಟರೇ, ಇದನ್ನ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ!" ಎಂದರು ಲಗಿಯಮ್ಮ.

ಇಷ್ಟಕ್ಕೆ ಮುಗಿದಿದ್ದರೆ ಸಾಕಿತ್ತು. ಆಗ ಬಸ್ಸಿನ ಕಡೆಯ ಸಮುದ್ರ ದಂಡೆಯಿಂದ ಒಂದು ಹೆಣ್ಣು ಹಂದಿ ತೂಗಾಡುತ್ತಾ ಬಂತು. ನೆಟ್ಟಗೆ ಲೇವಾಸಾ ಅವರ ಬೆನ್ನ ಹಿಂದಿನ ಮೂಲೆಗೆ, ಗೆರೆಯಾಚೆ ಅಂಚಿನ ಹೊರಗಿದ್ದ ನಾಲ್ಕನೆಯ ತೆಂಗಿನಕಾಯಿಗೆ ಬಾಯಿ ಹಾಕಿತು. ತಿಂದು, ಡರ್ರನೆ ತೇಗಿ, ಆ ಮೂಲೆಯಲ್ಲೇ ಕಾಲು ಚಾಚಿ ಮಲಗಿತು. ಆ ಮೂಲೆಗೆಂದೇ ಹೊಲಿಸಿದ ಹಾಗೆ ಸರಿಯಾಗಿ ಕೂತಿತು ಅದರ ಮೈ.

ಆಮೇಲೆ ಬಸ್ಸಿನ ಅಜ್ಜಿ ಕೇಳಿಯೇಬಿಟ್ಟಳು. "ಹಂದಿದೂ ತೆಂಗಿನ ಮೂಲೇನೇ ಅಲ್ವಾ?"

"ವಾಯಿಪುಲು!" ಎಂದರು ಲೇವಾಸಾ. ಆ ದನಿಗೆ ಕಾವಾ ಬಟ್ಟಲಲ್ಲಿ ಅಲೆ ಎದ್ದಿತು.

ವಾಯಿಪುಲು ಎತುವಾಟಿಯ ಕಿವಿ ಹಿಡಿದೇ ಎಳೆದರು. "ದೊಡ್ಡವರದು ಒಂದು ಡಿಗ್ರಿ ಜಾಸ್ತಿ ಅನ್ನೋ."

"ಆಗಲ್ಲ. ಶೃಂಗಾಭಿಮುಖ ಕೋನ. ತಲೆಗೆ ತಲೆ ತಾಗಿರೋವು ಯಾವತ್ತೂ ಸಮ."

"ಅರ್ಧ ಡಿಗ್ರಿ?"

"ಇಲ್ಲ ಯಜಮಾನ್ರೇ."

"ಒಂದು ಕೂದಲೆಳೆಯಷ್ಟು ಕಣೋ, ನಿನ್ನ ಕಾಲಿಗೆ ಬೀಳ್ತೀನಿ! ಈ ಊರಲ್ಲಿ ನಾನು ಬಾಳ್ಬೇಕು!"

"ನಾನೇನ್ ಮಾಡ್ಲಿ, ಲೆಕ್ಕ ಹಾಗಿದೆ."

ಸೊಲೊಮೋನಾ ಇನ್ನೊಂದು ಕೋನಮಾಪಕ ತೆಗೆದು ಹಂದಿಯ ಬಾಲದ ಹತ್ತಿರ ಹಿಡಿದು ಬಗ್ಗಿ ನೋಡಿದರು. "ಐವತ್ತು. ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ."

ವಾಯಿಪುಲು ಎದ್ದು ನಿಂತರು. ಹಣೆಯ ಬೆವರು ಒರೆಸಿ, ಚೌರಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಎಸೆದರು. "ಸಮ ಹೌದು! ಯಾಕೆ ಸಮ? ಈ ಊರಿನಲ್ಲಿ ಪಟ್ಟ ಕಟ್ಟೋದು ಏನನ್ನ ಸುಟ್ಟು ಊಟ ಹಾಕಿ? ಅತಿಥಿಗೆ ಬಡಿಸೋದು ಏನನ್ನ? ತಪ್ಪು ಮಾಡಿದವನು ದಂಡ ತೆರೋದು ಏನನ್ನ? ಹಂದಿ ಇಲ್ಲದೆ ಯಜಮಾನಿಕೆ ಇದೆಯಾ? ಆದರೆ ಆ ಪ್ರಾಣಿಯ ವಿನಯ ನೋಡಿ. ದೊಡ್ಡವರ ಎದುರು ಮುಖ ತೋರಿಸೋ ಯೋಗ್ಯತೆ ತನಗಿಲ್ಲ ಅಂತ ಹೇಗೆ ಅತ್ತ ತಿರುಗಿ ಮಲಗಿದೆ! ಅಳತೆ ಸಮ, ದಿಕ್ಕು ಬೇರೆ!"

ಲೇವಾಸಾ ಹಿಂದಕ್ಕೆ ತಿರುಗಿ ಹಂದಿಯನ್ನು ನೋಡಿದರು. ಹಂದಿಯ ಮುಖ ನಿಜಕ್ಕೂ ಆ ಕಡೆಗಿತ್ತು. "ಒಳ್ಳೇ ಹಂದಿ" ಎಂದರು. ಬಸ್ಸಿನವರು ಕಿಟಕಿ ಬಡಿದು ಕುಣಿದರು.

ಕೊನೆಯ ಬಟ್ಟಲು ಮುಗಿಯುವ ಮೊದಲು ಇನ್ಸ್‌ಪೆಕ್ಟರು ಎದ್ದರು. ಕಣ್ಣಲ್ಲಿ ನೀರಿತ್ತು. "ಇಪ್ಪತ್ತೆರಡು ವರ್ಷದಿಂದ ಶಾಲೆ ನೋಡ್ತಿದೀನಿ. ಪರ್ಯಾಯ ಕೋನ ಅಂದ್ರೆ ಮೇಷ್ಟ್ರುಗಳೇ ನಡುಗ್ತಾರೆ. ಈ ಊರಲ್ಲಿ ಯಜಮಾನರಿಗೆ ಬರತ್ತೆ, ಹೆಂಗಸರಿಗೆ ಬರತ್ತೆ, ಹಂದಿ ಕೂಡ ಅಳತೆ ತಪ್ಪಲ್ಲ! ಇವರಿಗೆಲ್ಲ ಕಲಿಸಿದ ಮೇಷ್ಟ್ರು ಎತುವಾಟಿ ಅಂತ ಕಡತದಲ್ಲಿದೆ. ಎಲ್ಲಿ ಆ ಮಹಾನುಭಾವ?"

ಎಲ್ಲರೂ ಚಿಪ್ಪು ಹಿಡಿದವನ ಕಡೆ ಬೆರಳು ತೋರಿಸಿದರು.

ಎತುವಾಟಿಯ ಎದೆ ಉಬ್ಬಿತು. ಕೊಬ್ಬರಿ ಗೂಡಿನ ಹೊಗೆ ಮೂಗಿನಿಂದ ಕೊನೆಯ ಸಲಕ್ಕೆ ಹೊರಟು ಹೋದ ಹಾಗಾಯಿತು. ಮನಸ್ಸಿನಲ್ಲೇ ಚಿಕ್ಕಪ್ಪನಿಗೆ ಕಾಗದ ಬರೆಯಲು ಶುರುಮಾಡಿದ.

"ಭೇಷ್!" ಎಂದರು ಸೊಲೊಮೋನಾ. "ನಿನ್ನಂಥ ಮೇಷ್ಟ್ರನ್ನ ನಾನು ನೋಡೇ ಇಲ್ಲ. ಬಾಯಿ ಬಿಡದೆ ಇಡೀ ಊರಿಗೇ ಕಲಿಸಿದೀಯ! ಈಗ ನೀವೆಲ್ಲ ಹೇಳಿ, ಎಲ್ಲಾ ಕಲಿತ ಊರಿಗೆ ಮೇಷ್ಟ್ರು ಯಾಕೆ? ಸರ್ಕಾರದಲ್ಲಿ ಮೇಷ್ಟ್ರುಗಳೇ ಕಡಿಮೆ. ಇಡೀ ದೇಶದಲ್ಲಿ ಲೆಕ್ಕದ ಮೇಷ್ಟ್ರ ಅಗತ್ಯವೇ ಇಲ್ಲದ ಮೊದಲನೇ ಊರು ಸಾಲೆಮಾಲೊ ಅಂತ ಬರೀತಿದೀನಿ. ಈ ಹುದ್ದೆ ಇವತ್ತಿಗೆ ರದ್ದು!"

ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಎತುವಾಟಿ ಬಾಯಿ ತೆರೆದ. ವಾಯಿಪುಲು ಕೋಲಿನಿಂದ ಅವನ ಕಾಲು ಕುಟ್ಟಿದರು. ಕಾವಾ ಇನ್ನೂ ಮುಗಿದಿರಲಿಲ್ಲ. ವಾಯಿಪುಲು ಊರಿನ ಪರವಾಗಿ ಈ ಗೌರವವನ್ನು ಒಪ್ಪಿಕೊಂಡು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಮಾತಿನ ಯಜಮಾನ ಒಪ್ಪಿದ್ದನ್ನು ವಾಪಸು ಮಾಡುವುದು ಉಗುಳಿದ್ದನ್ನು ನೆಕ್ಕಿದ ಹಾಗೆ. ಕೊನೆಯ ಹನಿ ನೆಲಕ್ಕೆ ಚೆಲ್ಲಿ ಎತುವಾಟಿಗೆ ಬಾಯಿ ಬಿಡಲು ಹಕ್ಕು ಬಂದಾಗ ಸರ್ಕಾರಿ ಜೀಪಿನ ಧೂಳೂ ಕಾಣುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಎತುವಾಟಿ ಒಂದು ತಗಡಿನ ಪೆಟ್ಟಿಗೆ, ಸುತ್ತಿದ ಚಾಪೆ ಹೊತ್ತು ರಸ್ತೆಗೆ ಬಂದ. ಚಿಕ್ಕಪ್ಪನ ಊರಿಗೆ ಹೋಗಲೇಬೇಕಲ್ಲ. ರಸ್ತೆ ಸಾಲೆಮಾಲೊದಲ್ಲೇ ಮುಗಿಯುತ್ತದೆ, ಆ ಕಡೆ ಬರೀ ಲಾವಾ ಕಲ್ಲು, ಕಡಲು. ಹೋಗಲು ಇರುವುದು ಒಂದೇ ದಾರಿ. ಗೆರೆಯಾಚೆ ತಾವಿತಾ ಬಸ್ಸು ತಿರುಗಿಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಈಚೆ ಲೇವಾಸಾ, ವಾಯಿಪುಲು ಇಬ್ಬರೂ ಕಾವಾದ ಅಮಲಿನಲ್ಲಿ ತಣ್ಣಗೆ ಕೂತಿದ್ದರು.

"ಸಾ ತೆಗೀರಿ ಯಜಮಾನ್ರೇ. ಬಸ್ಸು ಹತ್ಬೇಕು."

ಲೇವಾಸಾ ವಾಯಿಪುಲು ಅವರನ್ನು ನೋಡಿದರು. ವಾಯಿಪುಲು ಲೇವಾಸಾ ಅವರನ್ನು ನೋಡಿದರು. ಹಾಕಿದವರೇ ತೆಗೆಯಬೇಕು. ಇಬ್ಬರೂ ಕಾದರು. ಇಬ್ಬರೂ ತಲೆಯಾಡಿಸಿದರು.

"ಕಾಲ ಬಂದಾಗ ತೆಗೀತಾರೆ" ಎಂದರು ವಾಯಿಪುಲು.

"ಹಾಕಿದ್ದು ನಾನು! ನಾನೇ!"

"ಪಾಪ, ಕೆಲಸ ಹೋದ ದುಃಖ" ಎಂದರು ಲೇವಾಸಾ.

ತಾವಿತಾ ಎರಡು ಸಲ ಹಾರನ್ ಹೊಡೆದು, ಟೋಪಿ ಎತ್ತಿ ನಮಸ್ಕಾರ ಮಾಡಿ, ಬಸ್ಸು ಹೊಡೆದುಕೊಂಡು ಹೋದ. ಎತುವಾಟಿ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಸುಮ್ನೆ ಕೂತು ಏನ್ ಮಾಡ್ತೀಯ?" ಎಂದರು ವಾಯಿಪುಲು. "ಮಕ್ಕಳು ನಾಳೆ ಎಂಟಕ್ಕೆ ಬರ್ತಾವೆ. ಹೋಗಿ ಮುಂದಿನ ಪಾಠ ಮಾಡು."

"ಈ ಊರಿಗೆ ಲೆಕ್ಕದ ಮೇಷ್ಟ್ರು ಬೇಡ ಅಂತ ಸರ್ಕಾರ ಹೇಳಿದೆಯಲ್ಲ ಯಜಮಾನ್ರೇ!"

"ಸರ್ಕಾರ ಇರೋದು ಗೆರೆಯ ಆ ಕಡೆ. ನೀನು ಈ ಕಡೆ."

"ಮತ್ತೆ ನನ್ನ ಸಂಬಳ?"

ವಾಯಿಪುಲು ಚೌರಿಯಿಂದ ನೊಣ ಓಡಿಸುತ್ತಾ, ಬಿಳಿ ಕಲ್ಲಿನಾಚೆ ಖಾಲಿ ರಸ್ತೆಯನ್ನು ನೋಡಿ ಹೇಳಿದರು: "ಅದೂ ಆ ಕಡೆನೇ."